ಹೊಸಕೊಪ್ಪಲಿನ ನಲವತ್ತು ಬೆಳೆಗಾರರು

ಹೊಸಕೊಪ್ಪಲು,
19 ಸೆಪ್ಟೆಂಬರ್ 2024

ಪೂಜ್ಯ ಶ್ರೀಲಕ್ಷ್ಮಿ ಮೇಡಂ ಅವರಿಗೆ,
ನಿಮ್ಮ ವಿದ್ಯಾರ್ಥಿನಿ ಅನುಶ್ರೀ ಮಾಡುವ ನಮಸ್ಕಾರಗಳು.

ಬುಧವಾರದ ಸೆಮಿನಾರಿನಲ್ಲಿ ಕೇಳದೆ ಉಳಿದ ಪ್ರಶ್ನೆಯನ್ನು ಪತ್ರವಾಗಿ ಬರೆದು ನಿಮ್ಮ ಮೇಜಿನ ಮೇಲಿಡಬೇಕೆಂದು ನೀವೇ ನಿಯಮ ಮಾಡಿದ್ದೀರಿ. ಫೋನಿನಲ್ಲಿ ಬೇಡ, ಕೈಯಲ್ಲಿ ಬರೆದರೆ ಅರ್ಧ ಪ್ರಶ್ನೆ ತಾನಾಗಿ ತಿಳಿಯಾಗುತ್ತದೆ ಎಂದಿದ್ದಿರಿ. ಎಂ.ಬಿ.ಎ. ಸೇರಿದ ಮೊದಲ ವರ್ಷ ನಾನು ಒಂದು ಪತ್ರವನ್ನೂ ಬರೆಯಲಿಲ್ಲ. ಮೇಷ್ಟ್ರುಗಳು ತಮ್ಮ ಮುಗಿಯದ ಸಂಶೋಧನೆಯನ್ನು ನಮ್ಮ ಮುಂದೆ ಓದುವುದು, ನಾವು ಅದನ್ನು ಪ್ರಶ್ನಿಸುವುದು ಎಂದರೆ ದೊಡ್ಡವರ ತಟ್ಟೆಗೆ ಕೈ ಹಾಕಿದಂತೆ ಅನ್ನಿಸುತ್ತಿತ್ತು. ಈಗ ಅಭ್ಯಾಸವಾಗಿದೆ. ಯಾವ ಲೆಕ್ಕ ಕಂಡರೂ "ಯಾರು ಎಣಿಸಿದರು, ಯಾರನ್ನು ಬಿಟ್ಟು ಎಣಿಸಿದರು" ಎಂಬ ನಿಮ್ಮ ಮಾತು ಕಿವಿಯಲ್ಲಿ ಕೇಳುತ್ತದೆ.

ನಿನ್ನೆ ನಮ್ಮ ವಿಭಾಗದ ಮುಖ್ಯಸ್ಥರಾದ ತೀರ್ಥಪ್ರಸಾದ್ ಸರ್ ಓದಿದ್ದು ಶುಂಠಿಯ ಬಗ್ಗೆ. ನಮ್ಮ ಭಾಗದ ಬೆಳೆಗಾರರು ಬೆಲೆ ಇದ್ದಾಗ ಶುಂಠಿ ಕೀಳದೆ, ಬಿದ್ದ ಮೇಲೆ ಕೀಳುತ್ತಾರೆ. ಅದಕ್ಕೆ ಮಾರುಕಟ್ಟೆಯ ತಿಳಿವಳಿಕೆ ಇಲ್ಲದಿರುವುದೇ ಕಾರಣ ಎಂದು ಅವರ ತೀರ್ಮಾನ. ಕುಶಾಲನಗರದ ಸುತ್ತಿನ ಆರು ಹಳ್ಳಿಗಳಲ್ಲಿ, ಕಳೆದ ಜನವರಿಯಿಂದ ಮಾರ್ಚ್‌ವರೆಗೆ, ಇನ್ನೂರ ನಲವತ್ತು ಬೆಳೆಗಾರರನ್ನು ಮಾತಾಡಿಸಿದ್ದಾರಂತೆ. ಪರದೆಯ ಮೇಲೆ ಹಳ್ಳಿಗಳ ಪಟ್ಟಿ ಬಂತು. ನಾಲ್ಕನೆಯದು ನಮ್ಮೂರು. ಹೊಸಕೊಪ್ಪಲು, ನಲವತ್ತು ಬೆಳೆಗಾರರು.

ನಮ್ಮೂರಲ್ಲಿ ಇರುವುದೇ ಮೂವತ್ತೊಂದು ಮನೆ ಮೇಡಂ. ಕಳೆದ ಸಲ ಶುಂಠಿ ಹಾಕಿದ್ದವರು ಹನ್ನೊಂದೋ ಹನ್ನೆರಡೋ ಮನೆಯವರು. ಒಮ್ಮೆ ಬೆಳೆದ ನೆಲದಲ್ಲೇ ಮತ್ತೆ ಹಾಕಿದರೆ ಕೊಳೆರೋಗ ಬರುತ್ತದೆಂದು ಉಳಿದವರೆಲ್ಲ ಭತ್ತ, ಜೋಳ ಬೆಳೆದಿದ್ದರು.

ಕೈ ಎತ್ತಲು ಹೋದೆ. ಪಕ್ಕದಲ್ಲಿದ್ದ ಶೋಭಿತಾ "ಸುಮ್ನಿರೇ, ಎಚ್ಓಡಿ ಕಣೇ" ಎಂದು ಕೈ ಹಿಡಿದು ಕೆಳಗೆ ಎಳೆದಳು. ನನ್ನದೇ ತಪ್ಪು ತಿಳಿವಳಿಕೆಯಿದ್ದರೆ ತಿದ್ದಿ.

ನಿಮ್ಮ ವಿದ್ಯಾರ್ಥಿನಿ,
ಅನುಶ್ರೀ


ಮಡಿಕೇರಿ,
20 ಸೆಪ್ಟೆಂಬರ್ 2024

ಪ್ರೀತಿಯ ಅನುಶ್ರೀ,

ನಿನ್ನ ಪತ್ರವನ್ನು ಬಸ್ಸಿನಲ್ಲಿ ಒಮ್ಮೆ, ಮನೆಗೆ ಬಂದು ಒಮ್ಮೆ ಓದಿದೆ. ಮೂರು ವರ್ಷದಿಂದ ಈ ಬುಧವಾರಗಳನ್ನು ನಡೆಸಿಕೊಂಡು ಬಂದಿದ್ದೇನೆ. "ಇನ್ನಷ್ಟು ವಿವರಿಸುತ್ತೀರಾ ಸರ್" ಎಂಬ ಪ್ರಶ್ನೆಗಳೇ ಹೆಚ್ಚು. ನಾನು ಕಾಯುತ್ತಿದ್ದದ್ದು ಇಂಥದೊಂದಕ್ಕೆ.

ಆದರೆ ಅವಸರ ಬೇಡ. ಎದುರಿನವರದು ತಪ್ಪು ಎನ್ನುವ ಮೊದಲು, ಅವರು ಸರಿಯಾಗಿರಲು ಎಷ್ಟು ದಾರಿಗಳಿವೆ ಎಂದು ಹುಡುಕಬೇಕು. ಕೇರಳದ ಕಡೆಯಿಂದ ಬಂದು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವವರು ನಿಮ್ಮೂರಲ್ಲಿ ಇದ್ದಾರೆಯೇ? ಅವರನ್ನೂ ಸೇರಿಸಿರಬಹುದು. ಒಂದೇ ಮನೆಯ ಅಣ್ಣತಮ್ಮಂದಿರನ್ನು ಬೇರೆ ಬೇರೆ ಎಣಿಸಿರಬಹುದು. ಪಕ್ಕದ ಊರಿನವರು ನಿಮ್ಮೂರ ಎಲ್ಲೆಯೊಳಗೆ ಬೆಳೆದಿರಬಹುದು.

ಈ ಶನಿವಾರ, ಭಾನುವಾರ ಮನೆಮನೆಗೆ ಹೋಗಿ ಕೇಳು. ಊಹೆ ಮಾಡಬೇಡ. ಶುಂಠಿ ಹಾಕಿದ್ದರೇ, ಯಾರಾದರೂ ಬಂದು ಮಾತಾಡಿಸಿದ್ದರೇ, ಎರಡೇ ಪ್ರಶ್ನೆ. ಬರೆದುಕೊಂಡು ಬಾ. ಬುಧವಾರ ಎದ್ದು ನಿಂತು, ದನಿ ಏರಿಸದೆ ಕೇಳು. ಸಂಶೋಧನೆ ಮಾಡಿದವರಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ.

ಹೆದರಬೇಡ. ನಾನು ಅಲ್ಲೇ ಇರುತ್ತೇನೆ.

ಇಂತಿ,
ಶ್ರೀಲಕ್ಷ್ಮಿ


ಹೊಸಕೊಪ್ಪಲು,
14 ನವೆಂಬರ್ 2024

ಶ್ರೀಲಕ್ಷ್ಮಿ ಮೇಡಂ ಅವರಿಗೆ,
ನಮಸ್ಕಾರ.

ನನಗೀಗ ಕಾಲೇಜಿನ ಗೇಟು ದಾಟುವ ಹಾಗಿಲ್ಲವಾದ್ದರಿಂದ ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ಸೋಮವಾರದ ವಿಚಾರಣೆಯಾದ ಮೇಲೆ ಮೂರು ದಿನ ಸುಮ್ಮನೆ ಕೂತು ಯೋಚಿಸಿದೆ. ನೀವು ಹಾಗೆ ಹೇಳಲು ಎಷ್ಟು ದಾರಿಗಳಿವೆ ಎಂದು ಹುಡುಕಿದೆ. ಪ್ರಿನ್ಸಿಪಾಲರ ಪ್ರಶ್ನೆ ನಿಮಗೆ ಸರಿಯಾಗಿ ಕೇಳಿಸದೆ ಇದ್ದಿರಬಹುದೇ? ಮೊದಲು ಇಲ್ಲವೆಂದು ಹೇಳಿ, ಆಮೇಲೆ ಅವರು ಒಬ್ಬರೇ ಸಿಕ್ಕಾಗ ನಿಜ ಹೇಳೋಣವೆಂದು ಇದ್ದಿರಬಹುದೇ? ಯಾವುದೂ ನಿಲ್ಲಲಿಲ್ಲ.

ಸೆಪ್ಟೆಂಬರ್ ಇಪ್ಪತ್ತೈದರ ಬುಧವಾರ ನಾನು ದನಿ ಏರಿಸಲಿಲ್ಲ, ನೀವೇ ನೋಡಿದ್ದೀರಿ. ಶುಂಠಿ ಹಾಕಿದ್ದ ಮನೆ ಹನ್ನೆರಡು. ಬೇರೆಯಾಗಿ ಬೆಳೆದ ಒಬ್ಬ ತಮ್ಮ. ನಾಲೆಯ ಪಕ್ಕ ಗುತ್ತಿಗೆಗೆ ಹಿಡಿದ ಕೇರಳದವರು ಮೂವರು. ಎಲ್ಲ ಸೇರಿಸಿದರೂ ಹದಿನಾರು. ಆ ಹದಿನಾರರಲ್ಲಿ ಒಬ್ಬರನ್ನೂ ಯಾರೂ ಮಾತಾಡಿಸಿರಲಿಲ್ಲ. "ಉಳಿದ ಇಪ್ಪತ್ತನಾಲ್ಕು ಮಂದಿ ಯಾರೆಂದು ತಿಳಿದರೆ ನನ್ನ ಪಟ್ಟಿ ತಿದ್ದಿಕೊಳ್ಳುತ್ತೇನೆ ಸರ್" ಎಂದೆ. ತೀರ್ಥಪ್ರಸಾದ್ ಸರ್ ನಕ್ಕರು. "ಗುಡ್. ಕ್ಲಾಸ್ ಮುಗಿದ ಮೇಲೆ ಸಿಗಿ" ಎಂದರು. ಸಿಕ್ಕಾಗ ನಗಲಿಲ್ಲ. ದಸರಾ ರಜೆ ಮುಗಿಯುವುದರೊಳಗೆ ನೋಟಿಸು ಬಂತು. ಅನುಮತಿಯಿಲ್ಲದೆ ಹಳ್ಳಿಯಲ್ಲಿ ಓಡಾಡಿ ಕಾಲೇಜಿನ ಹೆಸರು ಕೆಡಿಸಿದ್ದೇನಂತೆ.

ವಿಚಾರಣೆಯ ಕೋಣೆಯಲ್ಲಿ ಪ್ರಿನ್ಸಿಪಾಲರು, ಆಡಳಿತ ಮಂಡಳಿಯವರೊಬ್ಬರು, ತೀರ್ಥಪ್ರಸಾದ್ ಸರ್. ದೂರು ಕೊಟ್ಟವರೇ ವಿಚಾರಣೆಗೆ ಕೂರಬಹುದೇ ಎಂದು ನನ್ನಲ್ಲೊಂದು ಪ್ರಶ್ನೆ ಎದ್ದಿತು. ಅಂದು ಬುಧವಾರವಲ್ಲ; ಕೇಳಲಿಲ್ಲ. ಆಮೇಲೆ ನಿಮ್ಮನ್ನು ಕರೆಸಿದರು.

"ಊರಿಗೆ ಹೋಗಿ ವಿಚಾರಿಸು ಅಂತ ನೀವು ಹೇಳಿದ್ರಾ?"

"ಇಲ್ಲ ಸರ್. ಅದು ಅವಳ ಸ್ವಂತ ನಿರ್ಧಾರ."

ನೀವು ಹೇಳಿದ್ದು ಇಷ್ಟೇ. ನಿಮ್ಮ ಸೆಪ್ಟೆಂಬರ್ ಇಪ್ಪತ್ತರ ಪತ್ರ ಆಗ ನನ್ನ ಬ್ಯಾಗಿನಲ್ಲಿತ್ತು ಮೇಡಂ. ತೆಗೆಯಲಿಲ್ಲ. ನೀವಾಗಿಯೇ ಹೇಳುತ್ತೀರಿ, ಈಗ ಹೇಳುತ್ತೀರಿ ಎಂದು ಕಾಯುತ್ತಿದ್ದೆ. ನೀವು ಕುರ್ಚಿಯಲ್ಲಿ ಕೂತು ಮೇಜಿನ ಗಾಜನ್ನೇ ನೋಡುತ್ತಿದ್ದಿರಿ. ನೀವಿನ್ನು ಹೋಗಬಹುದು ಎಂದು ಪ್ರಿನ್ಸಿಪಾಲರು ಹೇಳಿದಾಗ ಎದ್ದು ಹೋದಿರಿ.

ತಪ್ಪಾಯಿತೆಂದು ಮುಚ್ಚಳಿಕೆ ಬರೆದುಕೊಡು, ಇಲ್ಲಿಗೇ ಮುಗಿಸೋಣ ಎಂದರು. ಬರೆಯಲಿಲ್ಲ. ಒಂದು ತಿಂಗಳ ಅಮಾನತು. ಅದರೊಳಗೆ ಇಂಟರ್ನಲ್ ಪರೀಕ್ಷೆಗಳು ಮುಗಿಯುತ್ತವೆ, ಅಲ್ಲಿಗೆ ಈ ಸೆಮಿಸ್ಟರೂ ಮುಗಿಯಿತು.

ನಮ್ಮಪ್ಪ ಸಣ್ಣಸ್ವಾಮಿ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗೆ ವರಾಂಡದಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಕೇಳಿದರು: "ನಿಮ್ ಮೇಡಂ ಒಳಗೋದ್ರಲ್ಲ, ನಿನ್ ಪರವಾಗಿ ಮಾತಾಡಿದ್ರಾ?"

"ಹೂಂ, ಮಾತಾಡಿದ್ರು. ಅವರು ಕೇಳಲಿಲ್ಲ" ಎಂದೆ.

ಅಪ್ಪನಿಗೆ ನಾನು ಹೇಳಿದ ಆ ಸುಳ್ಳು ನಿಮಗೆ ಗೊತ್ತಿರಲಿ ಎಂದೇ ಇದನ್ನು ಬರೆದೆ.

ನಿಮ್ಮ ವಿದ್ಯಾರ್ಥಿನಿ,
ಅನುಶ್ರೀ


ಮಡಿಕೇರಿ,
27 ನವೆಂಬರ್ 2024

ಪ್ರೀತಿಯ ಅನುಶ್ರೀ,

ನಾಲ್ಕು ಸಲ ಬರೆದು ಹರಿದೆ. ನಿನಗೆ ಫೋನು ಮಾಡಲು ಧೈರ್ಯ ಬರಲಿಲ್ಲ.

ನಾನು ಸುಳ್ಳು ಹೇಳಿದೆ. ಹೆದರಿ ಹೇಳಿದೆ. ನಾನು ಈ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಇದ್ದರೂ ಇನ್ನೂ ಕಾಯಂ ಆಗಿಲ್ಲ ಎಂಬುದು ನಿಮಗೆ ಯಾರಿಗೂ ತಿಳಿದಿರಲಿಕ್ಕಿಲ್ಲ. ಪ್ರತಿ ಜೂನ್‌ನಲ್ಲೂ ಒಂದು ಹಾಳೆಗೆ ಸಹಿ ಮಾಡಿ ಮತ್ತೊಂದು ವರ್ಷಕ್ಕೆ ಒಳಗೆ ಬರುತ್ತೇನೆ. ಈ ಸಲ ಕಾಯಂ ಮಾಡುವವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಕೋಣೆಗೆ ಕರೆಯುವ ಮೊದಲು ತೀರ್ಥಪ್ರಸಾದ್ ಅವರು ಬಾಗಿಲ ಬಳಿ ಸಿಕ್ಕಿ, "ಪಟ್ಟಿ ಇನ್ನೂ ಫೈನಲ್ ಆಗ್ಲಿಲ್ಲ" ಎಂದರು. ಬೇರೇನೂ ಹೇಳಲಿಲ್ಲ. ಇದು ಸಮರ್ಥನೆಯಲ್ಲ. ಆದದ್ದು ಹೀಗೆ ಎಂದು ಹೇಳುತ್ತಿದ್ದೇನೆ.

ನಿನ್ನ ಬಳಿ ನನ್ನ ಪತ್ರ ಇದೆಯಲ್ಲ, ಅದನ್ನು ತೆಗೆದುಕೊಂಡು ಹೋಗಿ ಪ್ರಿನ್ಸಿಪಾಲರಿಗೆ ತೋರಿಸು. ಅಕ್ಷರ ನನ್ನದೇ ಎಂದು ನಾನು ಒಪ್ಪಿಕೊಳ್ಳುತ್ತೇನೆ. ಅಲ್ಲಗಳೆಯುವುದಿಲ್ಲ. ಖಂಡಿತ.

ಇಂತಿ,
ಶ್ರೀಲಕ್ಷ್ಮಿ


ಹೊಸಕೊಪ್ಪಲು,
22 ಡಿಸೆಂಬರ್ 2024

ಮೇಡಂ,

ನಿಮ್ಮ ಪತ್ರ ಬಂದ ದಿನ ನನಗೆ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ತಪ್ಪು ಒಪ್ಪಿಕೊಂಡಿದ್ದೀರಲ್ಲ ಎಂದುಕೊಂಡೆ. ಸಂಜೆಗೆ ಅದನ್ನು ಇನ್ನೊಂದು ಸಲ ಓದಿದೆ. ನಿಮ್ಮ ಪತ್ರವನ್ನು ನಾನು ತೆಗೆದುಕೊಂಡು ಹೋಗಬೇಕು, ನಾನು ತೋರಿಸಬೇಕು, ಅವರು ನಿಮ್ಮನ್ನು ಕೇಳಬೇಕು, ಆಗ ನೀವು ಹೂಂ ಅನ್ನುತ್ತೀರಿ. ನಿಮ್ಮ ಕೋಣೆಯಿಂದ ಪ್ರಿನ್ಸಿಪಾಲರ ಕೋಣೆಗೆ ಇಪ್ಪತ್ತು ಹೆಜ್ಜೆ. ನಮ್ಮೂರಿಂದ ಎರಡು ಬಸ್ಸು. ನೀವು ಹೇಳಬೇಕಾದ ನಿಜವನ್ನೂ ನಾನೇ ಹೊತ್ತುಕೊಂಡು ಹೋಗಬೇಕೇ?

ಅಷ್ಟೇ ಬರೆದು ಅಂಚೆಗೆ ಹಾಕೋಣವೆಂದಿದ್ದೆ. ಅಷ್ಟರಲ್ಲಿ ಶೋಭಿತಾ ಒಂದು ಲಿಂಕ್ ಕಳಿಸಿದಳು. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಫೋನು ನೋಡುವವಳಂತೆ ತಲೆ ತಗ್ಗಿಸುವವಳು ಇದೊಂದನ್ನು ಕಳಿಸಿದಳು. ತೀರ್ಥಪ್ರಸಾದ್ ಸರ್ ಅವರ ಲೇಖನ ಜರ್ನಲ್‌ನಲ್ಲಿ ಅಚ್ಚಾಗಿದೆ. ಹೊಸಕೊಪ್ಪಲು ನಲವತ್ತು, ಹಾಗೆಯೇ ಇದೆ. ಸೆಮಿನಾರಿನ ಪರದೆಯ ಮೇಲೆ ಅವರೊಬ್ಬರದೇ ಹೆಸರಿತ್ತು. ಇಲ್ಲಿ ಎರಡಿವೆ. ಎರಡನೆಯದು ನಿಮ್ಮದು.

ಅದರಲ್ಲಿ ನಮ್ಮೂರಿನ ಐವತ್ತೆರಡು ವರ್ಷದ ಬೆಳೆಗಾರರೊಬ್ಬರ ಮಾತೂ ಇದೆ. ಹನ್ನೆರಡು ಮನೆಗಳಲ್ಲಿ ಆ ವಯಸ್ಸಿನವರು ನಮ್ಮಪ್ಪ ಒಬ್ಬರೇ. ಕನ್ನಡ ಮಾಡಿ ಅವರಿಗೆ ಓದಿ ಹೇಳಿದೆ: "ಪೇಟೆಯಲ್ಲಿ ಏನು ನಡೆಯುತ್ತದೋ ನಮಗೆ ತಿಳಿಯುವುದಿಲ್ಲ, ಪಕ್ಕದವನು ಕಿತ್ತರೆ ನಾವೂ ಕೀಳುತ್ತೇವೆ."

ಅಪ್ಪ ಬೀಡಿ ಆರಿಸಿದರು. "ನಾನ್ಯಾವಾಗ ಅಂದೆ ಹಂಗೆ? ಬೆಳಿಗ್ಗೆ ಎದ್ರೆ ಮೂರ್ ಕಡೆಗೆ ಫೋನ್ ಮಾಡಿ ರೇಟ್ ಕೇಳ್ತೀನಿ. ಕೀಳೋಕೆ ಆಳು ಸಿಗ್ದೆ ನೆಲದಲ್ಲೇ ಬಿಟ್ಟಿದ್ದು ಕಣವ್ವ, ತಿಳೀದೆ ಅಲ್ಲ. ಬಂದು ಕೇಳಿದ್ರೆ ಹೇಳ್ತಿರ್ಲಿಲ್ವಾ?"

ನಿಮ್ಮನ್ನು ಒಂದೇ ಕೇಳುತ್ತೇನೆ. ಮನೆಮನೆಗೆ ಹೋಗಿ ಕೇಳು ಎಂದು ಬರೆದ ದಿನ ಇದು ನಿಮ್ಮದೂ ಲೇಖನ ಎಂದು ನಿಮಗೆ ಗೊತ್ತಿತ್ತೇ?

ಅನುಶ್ರೀ


ಮಡಿಕೇರಿ,
19 ಜನವರಿ 2025

ಅನುಶ್ರೀ,

ಗೊತ್ತಿತ್ತು.

ನವೆಂಬರ್‌ನ ಪತ್ರದಲ್ಲಿ ಅದನ್ನು ಬರೆಯದೆ ಬಿಟ್ಟೆ. ನೀನು ಆ ಲೇಖನ ನೋಡಲಾರೆ ಎಂದುಕೊಂಡೆ. ಈಗ ಬಿಡದೆ ಹೇಳುತ್ತೇನೆ.

ಕಳೆದ ವರ್ಷದ ಆರಂಭದಲ್ಲಿ ಆ ಸಮೀಕ್ಷೆಯ ಪ್ರಶ್ನಾವಳಿ ಮಾಡಿಕೊಟ್ಟವಳು ನಾನು. "ಎರಡನೇ ಹೆಸರು ನಿಮ್ಮದೇ ಇರ್ಲಿ. ಕಾಯಂ ಮಾಡುವಾಗ ಬೇಕಾಗ್ತದೆ" ಎಂದರು ತೀರ್ಥಪ್ರಸಾದ್. ಈ ಕಾಲೇಜಿಗೆ ನನ್ನನ್ನು ಸೇರಿಸಿದವರೂ ಅವರೇ. ಏಪ್ರಿಲ್‌ನಲ್ಲಿ ತುಂಬಿದ ಹಾಳೆಗಳ ಕಟ್ಟು ನನ್ನ ಮೇಜಿಗೆ ಬಂತು. ಇನ್ನೂರ ನಲವತ್ತು ಹಾಳೆ. ಒಂದಕ್ಕೂ ಮಡಿಕೆ ಬಿದ್ದಿರಲಿಲ್ಲ. ಒಂದರ ಮೇಲೂ ಮಣ್ಣಿನ ಬೆರಳಿನ ಗುರುತಿರಲಿಲ್ಲ, ಕಾಫಿ ಲೋಟದ ವೃತ್ತವಿರಲಿಲ್ಲ. ಜಗಲಿಯಲ್ಲಿ ಕೂತು ತುಂಬಿಸಿದ ಕಾಗದ ಹಾಗಿರುವುದಿಲ್ಲ. ನಾನು ಎಂ.ಫಿಲ್. ಮಾಡುವಾಗ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಕೂತು ತುಂಬಿಸಿದವಳು, ನನಗೆ ಗೊತ್ತು. ಕಟ್ಟನ್ನು ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಬೀರುವಿನಲ್ಲಿಟ್ಟೆ. ಯಾರು ಎಣಿಸಿದರು ಎಂದು ಅವರನ್ನು ಕೇಳಲಿಲ್ಲ.

ಆಮೇಲೆ ನಿನ್ನ ಪತ್ರ ಬಂತು. ಪಕ್ಕದ ಕೋಣೆಗೆ ಹೋಗಿ ನಾನೇ ಕೇಳಬಹುದಿತ್ತು. ನಿನ್ನನ್ನು ಕಳಿಸಿದೆ. ನೀನು ಕೇಳಿದರೆ ಅದು ಒಬ್ಬ ಹುಡುಗಿಯ ಕುತೂಹಲವೆನಿಸುತ್ತದೆ, ಅವರು ನಕ್ಕು ಲೆಕ್ಕ ತಿದ್ದಿಕೊಳ್ಳುತ್ತಾರೆ, ನನ್ನ ಹೆಸರಿಗೆ ಅಂಟಿದ್ದು ತಾನಾಗಿ ತೊಳೆದುಹೋಗುತ್ತದೆ ಎಂಬ ಆಸೆ. ನನಗೆ ಕೇಳಲು ಬಾಯಿ ಬಾರದ ಪ್ರಶ್ನೆಯನ್ನು ನಿನ್ನ ಬಾಯಲ್ಲಿಟ್ಟೆ. ನಿನಗೆ ಏಟು ಬಿದ್ದಾಗ ದೂರ ಸರಿದೆ. ಅದಕ್ಕೆ ಪಾಠವೆಂದು ಹೆಸರು ಬೇರೆ.

ಜನವರಿ ಹದಿಮೂರರಂದು ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಬರೆದು ಕೊಟ್ಟಿದ್ದೇನೆ. ನಿನ್ನನ್ನು ಕಳಿಸಿದ್ದು ನಾನು, ವಿಚಾರಣೆಯಲ್ಲಿ ಹೇಳಿದ್ದು ಸುಳ್ಳು ಎಂದು. ಲೇಖನ ಹಿಂತೆಗೆಯಿರಿ ಎಂದು ಜರ್ನಲ್‌ಗೂ ಬರೆದಿದ್ದೇನೆ. ಅಂದು ಮಧ್ಯಾಹ್ನ ತೀರ್ಥಪ್ರಸಾದ್ ಸ್ಟಾಫ್ ರೂಮಿಗೆ ಬಂದರು. ಎಲ್ಲರೂ ಊಟಕ್ಕೆ ಕೂತಿದ್ದರು.

"ಎಂತದು ಶ್ರೀಲಕ್ಷ್ಮಿ ಇದು? ನಿಮ್ಮನ್ನು ನಂಬಿ ಹೆಸರು ಹಾಕಿದ್ದು ನಾನು. ಹನ್ನೊಂದು ವರ್ಷ ಬೆನ್ನಿಗೆ ನಿಂತವನಿಗೆ ಇದಾ ಮಾಡುದು?"

ಅವರ ಕಣ್ಣಲ್ಲಿ ನೀರಿತ್ತು ಅನು. ನಟನೆಯಲ್ಲ. ತನಗೆ ದ್ರೋಹವಾಯಿತೆಂದು ಅವರು ನಿಜವಾಗಿಯೂ ನಂಬಿದ್ದರು. ನಾನು ತಟ್ಟೆ ತೊಳೆಯಲು ಎದ್ದೆ.

ಶ್ರೀಲಕ್ಷ್ಮಿ


ಮಡಿಕೇರಿ,
25 ಮೇ 2025

ಅನುಶ್ರೀ,

ಜನವರಿಯಿಂದ ನಿನ್ನ ಪತ್ರವಿಲ್ಲ. ಬರಲೆಂದು ಇದನ್ನು ಬರೆಯುತ್ತಿಲ್ಲ. ನಿನಗೆ ತಿಳಿಯಬೇಕಾದ ಕೆಲವು ಸಂಗತಿಗಳಿವೆ.

ಜರ್ನಲ್‌ನವರು ಲೇಖನವನ್ನು ಹಿಂತೆಗೆದರು. ಮಾಹಿತಿ ಸಂಗ್ರಹದಲ್ಲಿ ತಾಂತ್ರಿಕ ಲೋಪ ಎಂದು ಕಾಲೇಜು ಹೇಳಿಕೊಂಡಿದೆ. ತೀರ್ಥಪ್ರಸಾದ್ ಮುಖ್ಯಸ್ಥರಾಗಿ ಮುಂದುವರಿಯುತ್ತಾರೆ. ನಿನ್ನ ಅಮಾನತನ್ನು ದಾಖಲೆಯಿಂದ ತೆಗೆದಿದ್ದಾರೆ. ಆಗಸ್ಟ್‌ನಲ್ಲಿ ಮೂರನೇ ಸೆಮಿಸ್ಟರಿಗೆ ಮತ್ತೆ ಸೇರಬಹುದು, ಮುಚ್ಚಳಿಕೆ ಕೇಳುವುದಿಲ್ಲ. ಆದೇಶದ ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ. ಈ ಜೂನ್‌ನಲ್ಲಿ ಸಹಿ ಮಾಡಲು ನನಗೆ ಹಾಳೆ ಬರುವುದಿಲ್ಲ. ಇಲ್ಲೇ ಒಂದು ಟ್ಯುಟೋರಿಯಲ್‌ನಲ್ಲಿ ಪಿಯು ಮಕ್ಕಳಿಗೆ ಪಾಠ ಹೇಳುತ್ತೇನೆ.

ಒಂದು ದಿನ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ತಂದೆತಾಯಿಯ ಎದುರು ನಾನೇ ಹೇಳಬೇಕು.

ಶ್ರೀಲಕ್ಷ್ಮಿ


ಕುಶಾಲನಗರ,
16 ಅಕ್ಟೋಬರ್ 2025

ಮೇಡಂ,

ನೀವು ಜುಲೈನಲ್ಲಿ ಬಂದ ದಿನ ನಾನು ಮನೆಯಲ್ಲೇ ಇದ್ದೆ.

ನೀವು ಛತ್ರಿ ಮಡಿಸುವುದು ಕಂಡ ಕೂಡಲೇ ಒಳಕೋಣೆಗೆ ಹೋದೆ. "ಅವ್ಳು ಕೂಡಿಗೆಗೆ ಹೋಗವ್ಳೆ, ಬರೋದು ಸಂಜೆ ಆಯ್ತದೆ" ಎಂದು ನಮ್ಮವ್ವ ಸಿದ್ದಮ್ಮ ಹೇಳಿದ್ದು ನನಗೂ ಕೇಳಿಸಿತು. ಬಾಗಿಲ ಹಿಂದೆ ನಿಂತು ನಿಮ್ಮ ಮಾತೆಲ್ಲ ಕೇಳಿದೆ. ಒಂದನ್ನೂ ಮುಚ್ಚಿಡದೆ ಹೇಳಿದಿರಿ. ನಾನು ಅಪ್ಪನಿಗೆ ಬಸ್ಸಿನಲ್ಲಿ ಹೇಳಿದ್ದು ಸುಳ್ಳೆಂದು ಅವರಿಗೆ ಗೊತ್ತಾದದ್ದೂ ಆವತ್ತೇ. ಅಪ್ಪ ಬೀಡಿಗೆ ಕಡ್ಡಿ ಗೀರಿದ ಸದ್ದಾಯಿತು. ಆಮೇಲೆ, "ಅಲ್ಲ ಕಣಮ್ಮ, ನೀವು ಓದ್ದೋರು. ಆವತ್ತು ಒಂದ್ ಮಾತು ಅಂದಿದ್ರೆ ಸಾಕಾಗಿತ್ತು" ಎಂದರು. ನೀವು ಹೂಂ ಎಂದಿರಿ.

ನೀವು ಹೋದ ಮೇಲೆ ಅವ್ವ ನನ್ನ ಮೇಲೆ ರೇಗಿದಳು. "ಮಳೇಲಿ ಅಷ್ಟು ದೂರದಿಂದ ಬಂದೋರಿಗೆ ಮುಖ ತೋರಿಸ್ಬಾರ್ದಿತ್ತಾ? ಕೊಟ್ಟ ಕಾಫೀನೂ ಕುಡೀದೆ ಹೋದ್ರು." ತೋರಿಸಬಹುದಿತ್ತು. ನೀವು ಕೆಲಸ ಕಳೆದುಕೊಂಡಿರಿ, ಊಟಕ್ಕೆ ಕೂತವರೆಲ್ಲರ ಎದುರು ಮಾತು ಕೇಳಿದಿರಿ, ನಮ್ಮ ಬಾಗಿಲಿಗೆ ಬಂದಿರಿ. ಅದು ಸಣ್ಣದಲ್ಲ ಎಂದು ನನಗೆ ಗೊತ್ತು. ಆದರೂ ಆ ಬಾಗಿಲು ದಾಟಲಿಲ್ಲ. ತೀರ್ಥಪ್ರಸಾದ್ ಸರ್ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ ಮೇಡಂ. ಅವರನ್ನು ನಾನು ನಂಬಿರಲಿಲ್ಲ.

ಆಗಸ್ಟ್‌ನಲ್ಲಿ ಕಾಲೇಜಿಗೆ ಮರಳಿದೆ. ನಾನೇಕೆ ಬಿಡಬೇಕು ಎಂಬ ಹಟ. ಈಗ ಬಸ್ಸಿನ ತಾಪತ್ರಯವಿಲ್ಲದೆ ಇಲ್ಲೇ ಕಾಲೇಜಿನ ಹಾಸ್ಟೆಲಿನಲ್ಲಿದ್ದೇನೆ. ಕಿರಿಯರ ಜೊತೆ ಕೂರುತ್ತೇನೆ. ಯಾರೂ ಏನೂ ಕೇಳುವುದಿಲ್ಲ.

ಬುಧವಾರಗಳು ನಿಂತಿಲ್ಲ. ಈಗ ತೀರ್ಥಪ್ರಸಾದ್ ಸರ್ ಅವರೇ ನಡೆಸುತ್ತಾರೆ. ಪ್ರಶ್ನೆಗಳನ್ನು ಸೋಮವಾರವೇ ಬರೆದು ಆಫೀಸಿಗೆ ಕೊಡಬೇಕು. ಆರಿಸಿದ್ದನ್ನು ಅವರು ಓದುತ್ತಾರೆ, ಬರೆದವರು ಎದ್ದು ನಿಲ್ಲಬೇಕು. ನಿನ್ನೆಯ ವಿಷಯ ಹಾರಂಗಿ ಜಲಾಶಯಕ್ಕೆ ಬರುವ ಪ್ರವಾಸಿಗರ ತೃಪ್ತಿ. ಹೊಸ ಲೆಕ್ಚರರೊಬ್ಬರದು. ಸಾರಾಂಶವನ್ನು ಶನಿವಾರವೇ ಹಂಚಿದ್ದರು. ಮುನ್ನೂರು ಮಂದಿಯನ್ನು ಕೇಳಿದ್ದಾರೆ, ಒಬ್ಬರಿಗೂ ಒಂದು ಅಸಮಾಧಾನವೂ ಇಲ್ಲ. ಎಲ್ಲಿ ನಿಂತು ಕೇಳಿದಿರಿ, ಬೇಸರಪಟ್ಟು ಹೊರಟುಹೋದವರನ್ನು ಹೇಗೆ ಹಿಡಿದಿರಿ ಎಂದು ಬರೆದೆ. ಆಫೀಸಿನ ಬಾಗಿಲವರೆಗೂ ಹೋದೆ. ಅಲ್ಲಿ ನಿಂತು ಆ ಹಾಳೆ ಹರಿದು, ಇನ್ನೊಂದರಲ್ಲಿ "ಈ ಅಧ್ಯಯನದಿಂದ ಜಿಲ್ಲೆಯ ಪ್ರವಾಸೋದ್ಯಮಕ್ಕೆ ಆಗುವ ಉಪಯೋಗಗಳೇನು" ಎಂದು ಬರೆದು ಕೊಟ್ಟೆ.

ನಿನ್ನೆ ಸರ್ ಅದನ್ನೇ ಮೊದಲು ಓದಿದರು. ನನ್ನ ಹೆಸರು ಹೇಳಿದರು. ಎದ್ದು ನಿಂತೆ. "ತುಂಬಾ ಒಳ್ಳೆ ಪ್ರಶ್ನೆ" ಎಂದರು. "ಥ್ಯಾಂಕ್ ಯೂ ಸರ್" ಎಂದು ಕೂತೆ.

ಹಾಗೆ ಕೂರುವುದನ್ನು ನಾನು ಕಲಿತದ್ದು ಅವರಿಂದಲ್ಲ ಮೇಡಂ.

ಅನುಶ್ರೀ ಸಣ್ಣಸ್ವಾಮಿ